ಗಾಜಿನ ಕಪಾಟಿನೊಳಗೆ ನಮ್ಮವ್ವನ ಕಥೆ

ಕಳೆದ ವರ್ಷ ಕಾಗವಾಡದಲ್ಲಿ ನಮ್ಮ ಸಂಬಂಧಿಕರೊಬ್ಬರ ಹೊಸ ಮನೆಯ ವಾಸ್ತುಶಾಂತಿಗೆ ಹೋಗಿದ್ದೆ. ಹೋಳಿಗೆಯ ಊಟ ಮುಗಿಸಿ ಹೆಂಗಸರೆಲ್ಲ ಎಲೆ-ಅಡಿಕೆ ಹಿಡಿದು ಪಡಸಾಲೆಯಲ್ಲಿ ಕೂತಿದ್ದೆವು. ಮನೆಯ ಯಜಮಾನರು ನನ್ನನ್ನು ಕರೆದರು. “ವೈನೀ, ನೀವು ಸಾಲಿ ಕಲಿಸಿದವ್ರು, ಪುಸ್ತಕದ ಬೆಲಿ ಗೊತ್ತಿದ್ದವ್ರು. ಬರ್ರಿ, ಒಂದು ಚೀಜು ತೋರಸ್ತೀನಿ” ಎಂದರು. ಮಹಡಿಯ ಮೇಲೆ ಒಂದು ಕೋಣೆ, ಕೋಣೆಯಲ್ಲಿ ಗಾಜಿನ ಕಪಾಟು, ಕಪಾಟಿಗೆ ಬೀಗ. ಬೀಗ ತೆಗೆದು, ಪ್ಲಾಸ್ಟಿಕ್ ಹೊದಿಕೆ ಹಾಕಿದ ಒಂದು ಇಂಗ್ಲಿಷ್ ಪುಸ್ತಕವನ್ನು ಎರಡೂ ಕೈಯಲ್ಲಿ ಹಿಡಿದು ತೋರಿಸಿದರು. ನಾನು ಕೈ ಚಾಚಿದೆ. “ಮುಟ್ಟಬ್ಯಾಡ್ರಿ ವೈನಿ, ಕೈಗೆ ಸುಣ್ಣ ಹತ್ತೈತಿ” ಎಂದರು. ಸುಣ್ಣ ಹತ್ತಿದ್ದು ನಿಜ. ಅದಕ್ಕೆ ನಾನು ಬೇಸರ ಮಾಡಿಕೊಳ್ಳಲಿಲ್ಲ. “ನೀವು ಓದೀರೇನು?” ಎಂದು ಕೇಳಿದೆ. ಅವರು ನಕ್ಕರು. “ಓದಾಕ ಬ್ಯಾರೆ ಪ್ರತಿ ತಗೋಬೇಕು. ಇದು ಮೊದಲನೇ ಮುದ್ರಣ. ಇದು ಓದೋದಲ್ಲ ವೈನಿ, ಇಡೋದು.”

ಆ ಒಂದು ಮಾತಿಗೆ ಉತ್ತರವಾಗಿ ಈ ಲೇಖನ ಬರೆಯುತ್ತಿದ್ದೇನೆ. ಅವರ ಮನೆಯ ಅನ್ನ ಉಂಡು ಬಂದವಳು ಹೀಗೆ ಬರೆಯಬಾರದು ಎಂದು ಕೆಲವರಿಗೆ ಅನ್ನಿಸಬಹುದು. ಆದರೆ ಅವರ ಕೈಯಲ್ಲಿದ್ದ ಪುಸ್ತಕ ಯಾವುದೆಂದು ತಿಳಿದರೆ ನೀವೂ ನನ್ನಂತೆಯೇ ಸುಮ್ಮನಿರಲಾರಿರಿ.

ಆ ಪುಸ್ತಕದ ಹೆಸರು ‘ಎ ಫ್ಲವರಿಂಗ್ ಟ್ರೀ’. ಹೂವಿನ ಗಿಡವಾಗುವ ಹುಡುಗಿಯ ಕಥೆಯಿಂದ ಅದಕ್ಕೆ ಆ ಹೆಸರು. ಕವಿ ಎ.ಕೆ. ರಾಮಾನುಜನ್ನರು ಕನ್ನಡ ನಾಡಿನ ಬಾಯಿಮಾತಿನ ಕಥೆಗಳನ್ನು ಕೂಡಿಸಿ ಇಂಗ್ಲಿಷಿಗೆ ತಂದ 77 ಕಥೆಗಳು ಅದರಲ್ಲಿವೆ. ಅಮೇರಿಕೆಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮುದ್ರಣಾಲಯ ಅದನ್ನು 1997ರಲ್ಲಿ ಪ್ರಕಟಿಸಿತು. ರಾಮಾನುಜನ್ನರು 1993ರ ಜುಲೈ 13ರಂದೇ ಶಿಕಾಗೋದಲ್ಲಿ ತೀರಿಕೊಂಡಿದ್ದರು. ಅವರು ಹೋದಾಗ ಅನುವಾದ ಮುಗಿದಿತ್ತು, ಟಿಪ್ಪಣಿಗಳು ಮಾತ್ರ ಹೆಚ್ಚುಕಡಿಮೆ ಅರ್ಧದಷ್ಟು ಕಥೆಗಳಿಗೆ ಆಗಿದ್ದವು. ಸ್ಟುವರ್ಟ್ ಬ್ಲ್ಯಾಕ್‌ಬರ್ನ್ ಮತ್ತು ಅಲನ್ ಡಂಡಸ್ ಎಂಬ ಇಬ್ಬರು ವಿದ್ವಾಂಸರು ಅದನ್ನು ಸಂಪಾದಿಸಿ, ಮುನ್ನುಡಿ ಬರೆದು, ಹೊರಗೆ ತಂದರು.

ರಾಮಾನುಜನ್ ಮೈಸೂರಿನಲ್ಲಿ 1929ರಲ್ಲಿ ಹುಟ್ಟಿದವರು. ಆದರೆ ಅವರಿಗೂ ನಮ್ಮ ಕಡೆಗೂ ನಂಟಿದೆ. 1950ರ ದಶಕದಲ್ಲಿ ಬೆಳಗಾವಿಯ ಲಿಂಗರಾಜ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದರು. ಕಾಲೇಜು ಮಾಸ್ತರಾಗಿದ್ದ ಆ ದಿನಗಳಲ್ಲಿಯೇ ಅವರು ಕಥೆ ಕೂಡಿಸಲು ಶುರು ಮಾಡಿದ್ದು. 1959ರಲ್ಲಿ ಅಮೇರಿಕೆಗೆ ಹೋದರು, 1962ರಿಂದ ಶಿಕಾಗೋ ವಿಶ್ವವಿದ್ಯಾಲಯದಲ್ಲಿ ಕಲಿಸಿದರು. ಅವರ ಕನ್ನಡ ನವ್ಯ ಕವಿತೆಗಳ ಸಂಕಲನ ‘ಹೊಕ್ಕುಳಲ್ಲಿ ಹೂವಿಲ್ಲ’ 1969ರಲ್ಲಿ ಧಾರವಾಡದ ಮನೋಹರ ಗ್ರಂಥಮಾಲೆಯಿಂದಲೇ ಬಂತು. ಅಷ್ಟು ದೊಡ್ಡ ಓದಿನ ಮನುಷ್ಯ ಕಥೆಗಾಗಿ ಯಾರ ಮುಂದೆ ಕೂತರು ಗೊತ್ತೇ? ಕೆಲಸದವರ ಮುಂದೆ, ಅತ್ತೆ-ಚಿಕ್ಕಮ್ಮಂದಿರ ಮುಂದೆ, ಸಾಲಿ ಮಾಸ್ತರರ ಮುಂದೆ, ಬಡಿಗೇರ, ಸಿಂಪಿಗ, ಸಣ್ಣ ಮಕ್ಕಳ ಮುಂದೆ. ಅಂದರೆ ಯಾರ ಕೈಗೆ ಸುಣ್ಣವೋ ಎಣ್ಣೆಯೋ ಹತ್ತಿರುತ್ತದೆಯೋ ಅಂಥವರ ಮುಂದೆ.

ಇನ್ನು ನಮ್ಮ ಯಜಮಾನರ ಮೊದಲ ಮುದ್ರಣದ ಮಾತಿಗೆ ಬರೋಣ. ಮೊದಲ ಮುದ್ರಣಕ್ಕೆ ಬೆಲೆ ಯಾಕೆ? ಬರೆದವನ ಕಣ್ಣ ಮುಂದೆ ಹುಟ್ಟಿದ ಪುಸ್ತಕ ಅದು. ಅಚ್ಚಿನ ತಪ್ಪನ್ನು ಅವನೇ ತಿದ್ದಿರುತ್ತಾನೆ, ಮೊದಲ ಪ್ರತಿಯನ್ನು ಅವನೇ ಮೂಸಿ ನೋಡಿರುತ್ತಾನೆ, ಅದೃಷ್ಟವಿದ್ದರೆ ಅವನ ಸಹಿಯೂ ಇರುತ್ತದೆ. ಸರಿ, ಒಪ್ಪಿದೆ. ಆದರೆ ಬರೆದವರು ತೀರಿಹೋಗಿ ನಾಲ್ಕು ವರ್ಷದ ಮೇಲೆ ಬಂದ ಪುಸ್ತಕಕ್ಕೆ ಇದರಲ್ಲಿ ಯಾವುದು ಅನ್ವಯಿಸುತ್ತದೆ? ಈ ಪುಸ್ತಕವನ್ನು ರಾಮಾನುಜನ್ ಕಣ್ಣಿನಿಂದ ನೋಡಿಲ್ಲ. ಸಹಿ ಮಾಡಿಲ್ಲ. ಹೋಗಲಿ, ಅದರೊಳಗಿನ ಕಥೆಗಳಾದರೂ ಅವರು ಕಟ್ಟಿದವೇ? ಅಲ್ಲ. ಕೇಳಿದವು. ಕಥೆ ಕಟ್ಟಿದವರು ಯಾರೆಂದು ಯಾರಿಗೂ ಗೊತ್ತಿಲ್ಲ. ಹಾಗಾದರೆ ಆ ಬೀಗದೊಳಗೆ ಕಾಯ್ದಿಟ್ಟಿರುವುದು ಏನು? ಕಾಗದ ಮತ್ತು ರಟ್ಟು.

ಅದು ಅಪರೂಪದ್ದು ಎಂದು ಅವರು ಹೇಳಿದರು. ನಾನು ಚಿಕ್ಕೋಡಿಗೆ ಬಂದು ಮೊಮ್ಮಗಳಿಗೆ ಹೇಳಿದೆ. ಅವಳು ಮೊಬೈಲಿನಲ್ಲಿ ಹುಡುಕಿ ಐದು ನಿಮಿಷದಲ್ಲಿ ಇಡೀ ಪುಸ್ತಕ ನನ್ನ ಮುಂದಿಟ್ಟಳು. ಆ ಮುದ್ರಣಾಲಯದವರೇ ಅದನ್ನು ಯಾರು ಬೇಕಾದರೂ ಓದಲೆಂದು ಇಂಟರ್ನೆಟ್ಟಿನಲ್ಲಿ ಇಟ್ಟಿದ್ದಾರೆ. ಒಂದು ಪೈಸೆ ಖರ್ಚಿಲ್ಲ. ಜಗತ್ತಿಗೆ ಬಿಚ್ಚಿಟ್ಟ ಪುಸ್ತಕಕ್ಕೆ ಕಾಗವಾಡದಲ್ಲಿ ಬೀಗ!

ಮೂರು ರಾತ್ರಿ ಕನ್ನಡಕ ಹಾಕಿಕೊಂಡು, ಮೊಮ್ಮಗಳ ಸಹಾಯದಿಂದ ಓದಿದೆ. ಹೆಸರು ಕೊಟ್ಟ ಆ ಹೂವಿನ ಗಿಡದ ಕಥೆ ಬಂದಾಗ ಕೈ ನಡುಗಿತು. ಅದು ನಮ್ಮವ್ವ ಹೇಳುತ್ತಿದ್ದ ಕಥೆ.

ನಿಮ್ಮಲ್ಲಿಯೂ ಎಷ್ಟೋ ಜನ ಕೇಳಿರುತ್ತೀರಿ. ಬಡ ತಾಯಿಯ ಮಗಳು ಕೊಡ ನೀರು ಸುರಿಸಿಕೊಂಡು ಹೂವಿನ ಗಿಡವಾಗುತ್ತಾಳೆ. ಹೂವು ಮಾರಿ ಮನೆ ನಡೆಯುತ್ತದೆ. ಅರಸನ ಮಗ ಮದುವೆಯಾಗುತ್ತಾನೆ. ನಾದಿನಿ ಹಟ ಹಿಡಿದು ಅವಳನ್ನು ತೋಪಿಗೆ ಕರೆದೊಯ್ದು ಗಿಡವಾಗಲು ಹಚ್ಚುತ್ತಾಳೆ. ಗೆಳತಿಯರ ಜೊತೆ ಹೂವಿಗಾಗಿ ಟೊಂಗೆ ಮುರಿಯುತ್ತಾಳೆ. ನೀರು ಸರಿಯಾಗಿ ಸುರಿಯದೆ ಓಡಿಹೋಗುತ್ತಾಳೆ. ಹುಡುಗಿ ಕೈಕಾಲಿಲ್ಲದ ಮುದ್ದೆಯಾಗಿ ಗಟಾರದಲ್ಲಿ ಬೀಳುತ್ತಾಳೆ. ಕೊನೆಗೆ ಗಂಡ ಗುರುತು ಹಿಡಿದು, ನೀರು ಸುರಿದು, ಮುರಿದ ಟೊಂಗೆ ಕೂಡಿಸಿ ಅವಳನ್ನು ಮತ್ತೆ ಹೆಣ್ಣಾಗಿಸುತ್ತಾನೆ. ನೋಡಿ, ಗಂಡಸರ ಕಥೆ ಮದುವೆಗೆ ಮುಗಿಯುತ್ತದೆ. ಹೆಂಗಸರು ಹೇಳುವ ಕಥೆ ಮದುವೆಯ ಮೇಲೆ ಶುರುವಾಗುತ್ತದೆ. ಇದನ್ನು ರಾಮಾನುಜನ್ನರೇ ತಮ್ಮ ಲೇಖನಗಳಲ್ಲಿ ಗುರುತಿಸಿದ್ದಾರೆ. ಹೆಂಗಸರ ಕಥೆಗಳು ಪುರಾಣದ ಹೆಂಗಸರನ್ನು ಒಪ್ಪಿಕೊಂಡು ಕೂಡುವುದಿಲ್ಲ, ಅವು ಬೇರೆಯೇ ಒಂದು ಲೆಕ್ಕ ಇಡುತ್ತವೆ ಎಂಬುದು ಅವರ ವಾದ. ನಮ್ಮ ನಮ್ಮ ಮನೆಯಲ್ಲಿ ಇದಕ್ಕೆ ನಾವು ಇಟ್ಟ ಹೆಸರು ಏನು? ಅಡಗೂಲಜ್ಜಿ ಕಥೆ!

ಅಚ್ಚಾದ ಕಥೆಯ ಕೊನೆಯಲ್ಲಿ ಅರಸ ತನ್ನ ಕಿರಿಯ ಮಗಳನ್ನು ಉರಿಯುವ ಸುಣ್ಣದ ಕುಣಿಯೊಳಗೆ ನೂಕಿಸುತ್ತಾನೆ. ಅಲ್ಲಿಗೆ ನಾನು ಓದುವುದನ್ನು ನಿಲ್ಲಿಸಿದೆ. ನಮ್ಮವ್ವನ ಕಥೆಯಲ್ಲಿ ಹಾಗಿರಲಿಲ್ಲ. ರಾಯಬಾಗ ತಾಲೂಕಿನ ನನ್ನ ತವರೂರಿನ ಅಟ್ಟದ ಕೆಳಗೆ, ಸಜ್ಜೆಯ ಹಸನು ಮಾಡುತ್ತ ಅವ್ವ ಹೇಳುತ್ತಿದ್ದ ಕಥೆಯಲ್ಲಿ ನಾದಿನಿ ಸಾಯುವುದಿಲ್ಲ. ಯಾವ ತೋಪಿನಲ್ಲಿ ಟೊಂಗೆ ಮುರಿದಳೋ ಆ ತೋಪಿನ ಗಿಡಗಳಿಗೆ ದಿನಾಲು ನೀರು ಹೊರುತ್ತಾಳೆ, ಹೂವು ಬಿಡುವ ತನಕ. “ಆಕಿನ್ನ ಯಾಕ ಕೊಲ್ಲಲಿಲ್ಲಬೇ?” ಎಂದು ನಾನು ಸಣ್ಣಾಕಿ ಇದ್ದಾಗ ಸಿಟ್ಟಿನಿಂದ ಕೇಳಿದ್ದೆ. ಅವ್ವ ಮೊರ ಕೆಳಗಿಡದೆ ಹೇಳಿದ್ದಳು: “ಆಕಿನೂ ಹುಡುಗೀನ ಅಲ್ಲೇನ? ನೀರ ಹೊತ್ತರ ಗಿಡದ ಬ್ಯಾನಿ ತಿಳೀತೈತಿ.”

ಈಗ ಹೇಳಿ ಅಕ್ಕ-ತಂಗಿಯರೇ, ಅಪರೂಪದ ಪ್ರತಿ ಯಾವುದು? ಶಿಕಾಗೋದಿಂದ ದಿಲ್ಲಿಯವರೆಗೆ ಎಷ್ಟೋ ಗ್ರಂಥಾಲಯಗಳಲ್ಲಿರುವ ಪುಸ್ತಕವೋ, ಅಥವಾ ಒಬ್ಬಳೇ ಹೆಂಗಸಿನ ಬಾಯಲ್ಲಿದ್ದ ಆ ಕೊನೆಯೋ?

ಇದೇ ಕಥೆಯನ್ನು ಆಧರಿಸಿ ಗಿರೀಶ ಕಾರ್ನಾಡರು 1992ರಲ್ಲಿ ‘ಚೆಲುವಿ’ ಎಂಬ ಹಿಂದಿ ಸಿನಿಮಾ ಮಾಡಿದರು. ಅವರ ‘ನಾಗಮಂಡಲ’ ನಾಟಕದ ಹಿಂದೆಯೂ ರಾಮಾನುಜನ್ನರಿಂದ ಕೇಳಿದ ಬಾಯಿಮಾತಿನ ಕಥೆಗಳೇ ಇವೆ. 2006ರಲ್ಲಿ ಜಾನ್ ಆಡಮ್ಸ್ ಎಂಬ ಅಮೇರಿಕೆಯ ಸಂಗೀತಗಾರ ಹೂವಿನ ಗಿಡದ ಕಥೆಯನ್ನು ಸಂಗೀತ ನಾಟಕ ಮಾಡಿ ವಿಯೆನ್ನಾ ನಗರದಲ್ಲಿ ಆಡಿಸಿದರು. ನಮ್ಮ ಸಾಣಿಗೆ-ಮೊರದ ನಡುವಿನ ಕಥೆ ಎಲ್ಲಿಯವರೆಗೆ ಹೋಯಿತು ನೋಡಿ! ಹೋಗಲಿ, ಸಂತೋಷ. ಕಥೆ ಹೋಗುವುದಕ್ಕೇ ಇರುವುದು. ಆದರೆ ಹೊರಟ ಮನೆಯಲ್ಲಿ ಅದು ಉಳಿಯಿತೇ?

ಅಥಣಿಯ ಮಾತು ತೆಗೆದುಕೊಳ್ಳಿ. ಅಲ್ಲಿ ಚಪ್ಪಲಿ ಮಾಡುವ ಮನೆಗಳಲ್ಲಿ ಹೆಂಗಸರು ಚರ್ಮದ ಸಣ್ಣ ಎಳೆ ಹೆಣೆಯುತ್ತಾರೆ. ಪೇಟೆಯಲ್ಲಿ ಅದು ಕೊಲ್ಹಾಪುರಿ ಎಂದು ಮಾರಾಟವಾಗುತ್ತದೆ. 2019ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿಯೂ ಸೇರಿ ಕರ್ನಾಟಕದ ನಾಲ್ಕು ಜಿಲ್ಲೆಗಳ ಹೆಸರು ಬಂತು. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನ್ ನಗರದ ಪ್ರದರ್ಶನದಲ್ಲಿ ಅಂಥದೇ ಚಪ್ಪಲಿಯನ್ನು ಯಾರ ಹೆಸರೂ ಹೇಳದೆ ತೋರಿಸಿತು. ಎಲ್ಲ ಕಡೆ ಗದ್ದಲವೆದ್ದ ಮೇಲೆ ಭಾರತದ ಕೈಕೆಲಸದಿಂದ ಪ್ರೇರಣೆ ಪಡೆದದ್ದು ಎಂದು ಒಪ್ಪಿಕೊಂಡಿತು. ಆಗ ನಾವೆಲ್ಲ ಸಿಟ್ಟಾದೆವು. ಆಗಬೇಕಾದದ್ದೇ. ಆದರೆ ಚಪ್ಪಲಿಗೆ ಸಿಟ್ಟಾದ ನಾವು ಕಥೆಗೆ ಯಾಕೆ ಸಿಟ್ಟಾಗಲಿಲ್ಲ? ಚಪ್ಪಲಿ ಹೆಣೆದವಳ ಹೆಸರು ಕೇಳುವ ನಾವು ಕಥೆ ಹೆಣೆದವಳ ಹೆಸರು ಯಾಕೆ ಕೇಳುವುದಿಲ್ಲ?

ಯಜಮಾನರ ಪರವಾಗಿಯೂ ಮಾತಾಡಬೇಕು, ಇಲ್ಲದಿದ್ದರೆ ನ್ಯಾಯವಾಗುವುದಿಲ್ಲ. ಹಳೆಯ ಪುಸ್ತಕ ಕಾಯುವವರು ಇರಬೇಕು. ವಿಜಯಪುರ ಜಿಲ್ಲೆಯ ಹಲಸಂಗಿಯ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ಅಚ್ಚು ಹಾಕಿಸದಿದ್ದರೆ ಬೀಸುಕಲ್ಲಿನ ಎಷ್ಟೋ ಹಾಡುಗಳು ಹಿಟ್ಟಿನ ಗಿರಣಿ ಬಂದ ದಿನವೇ ಸಾಯುತ್ತಿದ್ದವು. ಆ ಪುಸ್ತಕದ ಹಳೆಯ ಪ್ರತಿಗಳನ್ನು ಯಾರೋ ಗೆದ್ದಲಿನಿಂದ ಕಾಯ್ದಿದ್ದಾರೆ. ಅವರಿಗೆ ನಾನು ಕೈ ಮುಗಿಯುತ್ತೇನೆ. ರಾಮಾನುಜನ್ನರೂ ಸಂಗ್ರಾಹಕರೇ. ಅವರು ಕೂಡಿಸದಿದ್ದರೆ ಅವ್ವನ ಕಥೆಯನ್ನು ನಾನು ಮುದುಕಿಯಾದ ಮೇಲೆ ಮತ್ತೆ ಕಾಣುತ್ತಿರಲಿಲ್ಲ. ಆದ್ದರಿಂದ ಕೂಡಿಸುವುದರ ಮೇಲೆ ನನ್ನ ತಕರಾರಿಲ್ಲ. ಆದರೆ ಅವರು ಕೂಡಿಸಿದ್ದು ಕೊಡುವುದಕ್ಕೆ, ಇವರು ಕೂಡಿಸುತ್ತಿರುವುದು ಮುಚ್ಚುವುದಕ್ಕೆ. ಅವರು ಹೇಳುವವರ ಹತ್ತಿರ ಹೋದರು, ಇವರು ಮಾರುವವರ ಹತ್ತಿರ ಹೋದರು. ಇವರಿಬ್ಬರನ್ನೂ ಸಂಗ್ರಾಹಕರೆಂದು ಒಂದೇ ಹೆಸರಿನಿಂದ ಕರೆಯುವುದು ಭಾಷೆಗೇ ಮಾಡುವ ಅನ್ಯಾಯ. ಅದೂ ಅಲ್ಲದೆ, ಈ ಯಜಮಾನರ ತಾಯಿ ಇನ್ನೂ ಇದ್ದಾರೆ. ಎಂಬತ್ತು ದಾಟಿದ ಜೀವ. ವಾಸ್ತುಶಾಂತಿಯ ದಿನ ಹಿತ್ತಲ ಕೋಣೆಯಲ್ಲಿ ಒಬ್ಬರೇ ಕೂತಿದ್ದರು. ಮಗ ಎಂದಾದರೂ “ಅವ್ವಾ, ಒಂದು ಕಥಿ ಹೇಳು” ಎಂದು ಕೇಳಿದ್ದಾರೆಯೇ? ನಾನು ಆ ಮುದುಕಿಯನ್ನೇ ಕೇಳಿದೆ. “ನನ್ನ ಕಥಿ ಯಾರಿಗೆ ಬೇಕವ್ವಾ” ಎಂದರು.

ಇಷ್ಟು ಹೊತ್ತು ಅವರನ್ನು ಬೈದೆ. ಈಗ ನನ್ನ ಸರದಿ.

ನಮ್ಮ ಮನೆಗೆ 1988ರಲ್ಲಿ ಟೇಪ್ ರೆಕಾರ್ಡರ್ ಬಂತು. ನನ್ನ ಸ್ವಂತ ಪಗಾರದಲ್ಲಿ ತಂದದ್ದು. ಅದರಲ್ಲಿ ಸಿನಿಮಾ ಹಾಡು ತುಂಬಿಸಿದೆ, ಮಕ್ಕಳ ಅಳು-ನಗು ತುಂಬಿಸಿದೆ, ಸಾಲಿಯ ಗ್ಯಾದರಿಂಗಿನ ಭಾಷಣ ತುಂಬಿಸಿದೆ. ಅವ್ವನ ಒಂದು ಕಥೆಯನ್ನೂ ತುಂಬಿಸಲಿಲ್ಲ. ಅವ್ವ ಎಲ್ಲಿ ಹೋಗುತ್ತಾಳೆ, ಸೂಟಿಯಲ್ಲಿ ಮಾಡಿದರಾಯಿತು ಎಂದುಕೊಂಡೆ. ಹದಿನೆಂಟು ಸೂಟಿ ಹೋದವು. 2006ರಲ್ಲಿ ಅವ್ವನಿಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು, ಜೊತೆಗೆ ಮಾತು. ಆಮೇಲೆ ಎರಡು ವರ್ಷ ಇದ್ದಳು. ಎಲ್ಲರನ್ನೂ ಗುರುತು ಹಿಡಿಯುತ್ತಿದ್ದಳು. ಮೊಮ್ಮಕ್ಕಳು ಮುಂದೆ ಕೂತರೆ ಎಡಗೈ ಎತ್ತಿ, ಕೊಡದಿಂದ ನೀರು ಸುರಿಯುವಂತೆ ಮಾಡುತ್ತಿದ್ದಳು. ಬಾಯಿ ಅಲುಗುತ್ತಿತ್ತು, ಮಾತು ಬರುತ್ತಿರಲಿಲ್ಲ. ಮಕ್ಕಳು ಆಯಿಗೆ ನೀರಡಿಕೆಯಾಗಿದೆ ಎಂದು ತಂಬಿಗೆ ತರುತ್ತಿದ್ದರು. ಅವಳು ಏನು ಹೇಳುತ್ತಿದ್ದಾಳೆಂದು ನನಗೊಬ್ಬಳಿಗೇ ಗೊತ್ತಾಗುತ್ತಿತ್ತು.

ರಾಮಾನುಜನ್ನರ ಅದೇ ಪುಸ್ತಕದಲ್ಲಿ ಇನ್ನೊಂದು ಕಥೆಯಿದೆ. ಒಬ್ಬ ಹೆಂಗಸಿಗೆ ಒಂದು ಕಥೆ, ಒಂದು ಹಾಡು ಗೊತ್ತಿರುತ್ತದೆ. ಅವಳು ಯಾರಿಗೂ ಹೇಳುವುದಿಲ್ಲ. ಒಳಗೆ ಉಸಿರುಗಟ್ಟಿದ ಅವು ಅವಳು ಮಲಗಿದಾಗ ಬಾಯಿಂದ ಹಾರಿಹೋಗಿ, ಗಂಡಸಿನ ಅಂಗಿ-ಚಪ್ಪಲಿಯ ರೂಪ ತಾಳಿ, ಮನೆಯಲ್ಲಿ ಗಂಡ-ಹೆಂಡಿರ ಜಗಳ ಹಚ್ಚಿ ಸೇಡು ತೀರಿಸಿಕೊಳ್ಳುತ್ತವೆ. ಅದನ್ನು ಓದಿದಾಗ ನನಗೆ ಹೊಳೆದದ್ದು ಇಷ್ಟೆ: ಅವ್ವ ಹೇಳದೆ ಇಟ್ಟುಕೊಂಡವಳಲ್ಲ. ಜೀವಮಾನವೆಲ್ಲ ಹೇಳಿದಳು. ಇಟ್ಟುಕೊಳ್ಳದವಳು ನಾನು. ಕಪಾಟಿಗೆ ಬೀಗ ಹಾಕಿದವರನ್ನು ದೂರುವ ನಾನು ಕಪಾಟನ್ನೇ ತೆರೆಯದವಳು.

ನನ್ನ ಹಾಗೆ ನೀವು ಎಷ್ಟು ಜನ ಇದ್ದೀರಿ? ಮನೆ ಕಟ್ಟಿಸುವಾಗ ಬೀಸುಕಲ್ಲು ಹೊರಗೆ ಹಾಕಿದೆವು. ಕಟ್ಟಿಗೆಯ ತೊಟ್ಟಿಲು ಮಾರಿದೆವು. ಅವು ಈಗ ದೊಡ್ಡ ಹೊಟೇಲುಗಳಲ್ಲಿ ಶೋಭೆಗೆ ಕೂತಿವೆ, ನಾವು ಅಲ್ಲಿ ಹೋಗಿ ಅವುಗಳ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತೇವೆ. ಕಥೆಯ ಗತಿಯೂ ಇದೇ. ಮನೆಯ ಮುದುಕಿ ಬಾಯಿ ತೆರೆದರೆ “ಸುಮ್ಮನಿರಬೇ, ಧಾರಾವಾಹಿ ನಡದೈತಿ” ಎನ್ನುತ್ತೇವೆ. ಅದೇ ಕಥೆ ಇಂಗ್ಲಿಷಿನಲ್ಲಿ ದಪ್ಪ ರಟ್ಟು ಹಾಕಿಕೊಂಡು ಬಂದರೆ ಕೈ ತೊಳೆದು ಮುಟ್ಟುತ್ತೇವೆ. ಬೀಗ ಹಾಕಿದ ಗಂಡಸನ್ನು ಬೈಯುವುದು ಸುಲಭ. ಬೆಲೆ ಕಟ್ಟುವುದನ್ನು ಅವರಿಗೆ ಬಿಟ್ಟುಕೊಟ್ಟವರು ನಾವೇ.

ನಿಪ್ಪಾಣಿಯಲ್ಲಿ ನನ್ನ ಚಿಕ್ಕವ್ವ ಇದ್ದಳು. ತೊಡೆಯ ಮೇಲೆ ಮೊರ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದಳು. ಸಾವಿರ ಬೀಡಿಗೆ ಇಷ್ಟು ಎಂದು ಮಜೂರಿ. ಓಣಿಯ ಹೆಂಗಸರೆಲ್ಲ ಒಂದು ಕಟ್ಟೆಯ ಮೇಲೆ ಕೂಡುತ್ತಿದ್ದರು. ಅರ್ಧ ಮರಾಠಿ, ಅರ್ಧ ಕನ್ನಡದಲ್ಲಿ ಕಥೆ ನಡೆಯುತ್ತಿತ್ತು. ರಾಕ್ಷಸ ಮರಾಠಿಯಲ್ಲಿ ಗುಡುಗಿದರೆ ಸೊಸೆ ಕನ್ನಡದಲ್ಲಿ ಅಳುತ್ತಿದ್ದಳು. ಇನ್ನೊಂದು ಕಟ್ಟೆಯ ಮೇಲೆ ಇದರ ಉಲ್ಟಾ. ಗಡಿ ಯಾರದು ಎಂದು ಗಂಡಸರು ಬಸ್ಸಿನ ಬೋರ್ಡಿಗೆ ಮಸಿ ಬಳಿಯುತ್ತಿದ್ದ ದಿನಗಳಲ್ಲಿಯೂ ಆ ಕಟ್ಟೆಯ ಮೇಲೆ ಜಗಳ ಬರಲಿಲ್ಲ. ಸಾವಿರ ಬೀಡಿಯ ಲೆಕ್ಕವನ್ನು ಕಾರಖಾನೆಯವರು ಪುಸ್ತಕದಲ್ಲಿ ಬರೆದಿಟ್ಟರು. ಆ ಕಥೆಗಳ ಲೆಕ್ಕವನ್ನು ಯಾರೂ ಬರೆದಿಡಲಿಲ್ಲ. ಚಿಕ್ಕವ್ವನೂ ಈಗಿಲ್ಲ.

ಬರೀ ಮರುಗಿದರೆ ಕೆಲಸವಾಗುವುದಿಲ್ಲ. ಈಗ ಪ್ರತಿಯೊಂದು ಮನೆಯಲ್ಲೂ ಮೊಬೈಲ್ ಇದೆ, ಅದರಲ್ಲಿ ಧ್ವನಿ ಹಿಡಿಯುವ ಸೌಲಭ್ಯ ಇದೆ. ನನಗೆ ಟೇಪ್ ರೆಕಾರ್ಡರಿಗಾಗಿ ಪಗಾರ ಕೂಡಿಸಬೇಕಾಗಿತ್ತು, ನಿಮಗೆ ಬೆರಳು ಒತ್ತಿದರೆ ಸಾಕು. ಮನೆಯ ಹಿರಿಯಳನ್ನು ಕೂಡಿಸಿ ಒಂದು ಕಥೆ ಹೇಳಿಸಿ. ಕಥೆಗೆ ಮೊದಲು ಅವಳ ಹೆಸರು, ತವರೂರು, ಈ ಕಥೆ ಅವಳಿಗೆ ಹೇಳಿದವರು ಯಾರು, ಇಷ್ಟನ್ನು ಅವಳ ಬಾಯಿಂದಲೇ ಹೇಳಿಸಿ. ತಿದ್ದಬೇಡಿ. ನಡುವೆ ಮರೆತರೆ ಮರೆತದ್ದೂ ಇರಲಿ. ಆಮೇಲೆ ಒಂದು ಎರಡು ನೂರು ಪುಟದ ನೋಟುಬುಕ್ಕಿನಲ್ಲಿ ಅವಳ ಮಾತಿನಲ್ಲೇ ಬರೆದು, ಒಂದು ಪ್ರತಿ ನಿಮ್ಮಲ್ಲಿ, ಒಂದು ಪ್ರತಿ ಊರಿನ ಗ್ರಂಥಾಲಯದಲ್ಲಿ ಇಡಿ. ಮಹಿಳಾ ಮಂಡಳದಲ್ಲಿ ರಂಗೋಲಿ ಸ್ಪರ್ಧೆ, ಅಡುಗೆ ಸ್ಪರ್ಧೆ ಇಡುತ್ತೀರಿ. ಕಥೆ ಹೇಳುವ ಸ್ಪರ್ಧೆಯನ್ನು ಯಾಕೆ ಇಡಬಾರದು? ಅರವತ್ತು ದಾಟಿದವರಿಗೆ ಮಾತ್ರ ಎಂದು ಹಾಕಿ. ಅಂದು ಸೊಸೆಯಂದಿರು ಸುಮ್ಮನೆ ಕೂತು ಕೇಳಲಿ. ಇದಕ್ಕೆ ಯಾವ ವಿಶ್ವವಿದ್ಯಾಲಯದ ಅಪ್ಪಣೆಯೂ ಬೇಕಿಲ್ಲ.

ಈ ವರ್ಷ ಪಂಚಮಿಗೆ ಮತ್ತೆ ಕಾಗವಾಡಕ್ಕೆ ಹೋದಾಗ ಒಂದು ಹಾಳೆ ಬರೆದುಕೊಂಡು ಹೋಗಿದ್ದೆ. ಅವ್ವನ ಹೆಸರು, ಊರು, ಅವಳು ಹೇಳಿದ ಕೊನೆ. “ಇದನ್ನ ಆ ಪುಸ್ತಕದಾಗ ಆ ಕಥಿ ಇರೋ ಪುಟದಾಗ ಇಡ್ರಿ” ಎಂದು ಯಜಮಾನರಿಗೆ ಕೊಟ್ಟೆ. ಅವರು ಹಾಳೆಯನ್ನು ಓದಿದರು, ಎರಡು ಸಲ ಓದಿದರು. ಆಮೇಲೆ ಮಡಚಿ ನನಗೇ ವಾಪಸು ಕೊಟ್ಟರು. “ಒಳಗ ಕಾಗದ ಇಟ್ಟರ ಡಾಗ ಬೀಳತೈತಿ ವೈನಿ, ಕಿಮ್ಮತ್ತು ಇಳೀತೈತಿ” ಎಂದರು. ಆದರೆ ನಾನು ಹೊರಡುವಾಗ ನೋಡಿದೆ, ಹಿತ್ತಲ ಕೋಣೆಯಲ್ಲಿ ತಾಯಿಯ ಹಾಸಿಗೆಯ ತುದಿಗೆ ಕೂತಿದ್ದರು. ಕಥೆ ಕೇಳುತ್ತಿದ್ದರೋ ಔಷಧ ಕೊಡುತ್ತಿದ್ದರೋ, ನಾನು ನಿಂತು ನೋಡಲಿಲ್ಲ.

ಆ ಹಾಳೆ ನನ್ನ ಹತ್ತಿರವೇ ಇದೆ. ಅದು ಪೂರ್ತಿಯಾಗಿಲ್ಲ. ಹುಡುಗಿ ಗಿಡವಾಗುವ ಮೊದಲು ನೀರು ಸುರಿಯುವವಳಿಗೆ ಒಂದು ಹಾಡು ಹೇಳುತ್ತಿದ್ದಳು. ಅವ್ವ ಅದನ್ನು ಕಣ್ಣು ಮುಚ್ಚಿ ಹಾಡುತ್ತಿದ್ದಳು. ದಾಟಿ ನನಗೆ ನೆನಪಿದೆ, ಮಾತು ನೆನಪಿಲ್ಲ. ಹಾಳೆಯ ನಡುವೆ ನಾಲ್ಕು ಸಾಲಿನಷ್ಟು ಜಾಗ ಬಿಟ್ಟಿದ್ದೇನೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಕಡೆಯ ಯಾರ ಮನೆಯಲ್ಲಾದರೂ ಆ ಹಾಡು ಬಲ್ಲ ಮುದುಕಿಯೊಬ್ಬಳು ಇನ್ನೂ ಇದ್ದರೆ, ದಯವಿಟ್ಟು ಇಂದೇ ಅವಳ ಹತ್ತಿರ ಹೋಗಿ ಕೂಡಿ. ಸೂಟಿ ಬರಲಿ ಎಂದು ಕಾಯಬೇಡಿ.